ನಾದಿನಿಗೆ ಹೊಲಿದ ಒಳಂಗಿ

ಟಕಟಕ ಟಕಟಕ ಎಂದು ನಾಲ್ಕು ಅಂಗುಲ ನೆಟ್ಟಗೆ ಓಡಿದ ಮಷಿನ್ ಇದ್ದಕ್ಕಿದ್ದಂತೆ ‘ಗ್ರೂಂಕ್’ ಎಂದು ನಿಲ್ಲುತ್ತಿತ್ತು. ಸೂಜಿ ಬನಿಯನ್ ಬಟ್ಟೆಯನ್ನು ಕೆಳಗಿನ ತೂತಿಗೆ ಎಳೆದುಕೊಂಡು ನುಂಗಿದ ಸದ್ದು ಅದು. ಆ ವಾರವಿಡೀ ನಮ್ಮ ಬಸವೇಶ್ವರನಗರದ ಮನೆಯಲ್ಲಿ ಅದರ ಬೆನ್ನಿಗೇ ಹಾಲಿನಿಂದ ನಾದಿನಿಯ ದನಿ ಬರುತ್ತಿತ್ತು.

“ತಿಂತಾ ಅತ್ತಿಗೆ?”

“ತಿಂತು.”

“ಪಾಪ, ಹಸಿವಾಗಿತ್ತೇನೋ.”

ನಗಬೇಕೋ ಕತ್ತರಿ ಎಸೆಯಬೇಕೋ ತಿಳಿಯುತ್ತಿರಲಿಲ್ಲ.

ನನ್ನ ಗಂಡನ ತಂಗಿ ಅವಳು. ಎಡ ಎದೆಯ ಆಪರೇಷನ್ ಆದ ಮೇಲೆ ಎರಡು ತಿಂಗಳಿಂದ ನಮ್ಮಲ್ಲೇ ಇದ್ದಳು. ಸೋಮವಾರದಿಂದ ರೇಡಿಯೇಷನ್, ಐದು ವಾರ ಆಸ್ಪತ್ರೆಗೆ ಹೋಗಿ ಬರಬೇಕು. ಅಂಗಡಿಯಲ್ಲಿ ಸಿಗುವ ಬ್ರಾಗಳ ಕೆಳಪಟ್ಟಿ, ಬೇಕೆಂದೇ ಮಾಡಿದಂತೆ, ಗಾಯದ ಮೇಲೇ ಕೂರುತ್ತಿತ್ತು. ಒಳಗೆ ಏನೂ ಹಾಕದೆ ಹೊರಗೆ ಕಾಲಿಡಲು ಅವಳು ಸುತರಾಂ ಒಪ್ಪಲಿಲ್ಲ. “ಒಂದು ಕಡೆ ಇದೆ, ಒಂದು ಕಡೆ ಇಲ್ಲ. ರೋಡಲ್ಲಿ ಎಲ್ಲರಿಗೂ ಪ್ರದರ್ಶನ ಕೊಡ್ಲಾ? ನಾನು ಹೋಗಲ್ಲ” ಎಂದು ಕೂತುಬಿಟ್ಟಳು. ಡಾಕ್ಟರ್ ಹೇಳಿದರೂ ಅಷ್ಟೆ, ಅಣ್ಣ ಗದರಿದರೂ ಅಷ್ಟೆ. ಮೈಗೆ ಒತ್ತದ, ಮುಂದೆ ಬಿಚ್ಚುವ, ಎಡಗಡೆ ಹತ್ತಿ ತುಂಬಲು ಒಳಜೇಬಿರುವ ಒಂದು ಅಂಗಿ ಸೋಮವಾರದೊಳಗೆ ಆಗಬೇಕಿತ್ತು. ಆಗದಿದ್ದರೆ ಟ್ರೀಟ್‌ಮೆಂಟೇ ಇಲ್ಲ.

ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಪ್ರೈಜ್ ಗೆದ್ದವಳು ನಾನು. ಆ ಜಂಬದಲ್ಲಿ “ಲೀವ್ ಇಟ್ ಟು ಮಿ” ಎಂದುಬಿಟ್ಟೆ. ರಾಜಾಜಿನಗರದ ಅಂಗಡಿಯೊಂದರಲ್ಲಿ ಫೋಲ್ಡ್ ಓವರ್ ಎಲಾಸ್ಟಿಕ್ ಸಿಕ್ಕಿತು. ನುಣುಪಾದ ತೆಳು ಪಟ್ಟಿ, ನಟ್ಟನಡುವೆ ಒಂದು ಗೆರೆ. ಗೆರೆಗೆ ಸರಿಯಾಗಿ ಮಡಚಿ, ಬಟ್ಟೆಯ ಅಂಚನ್ನು ಅದರ ಹೊಟ್ಟೆಯೊಳಗೆ ಇಟ್ಟು, ಜಿಗ್‌ಜಾಗ್ ಹೊಲಿಗೆ ಓಡಿಸಿದರೆ ಮುಗಿಯಿತು. ಕೇಳಲು ಎಷ್ಟು ಸುಲಭ!

ಮೊದಲ ತೊಂದರೆ ಅಳತೆಯದು. ಟೇಪ್ ಹಿಡಿದು ಹತ್ತಿರ ಹೋದರೆ ಅವಳು ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಆ ಗಾಯವನ್ನು ಮನೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. ನಲವತ್ತು ವರ್ಷ ಜಗಳವಾಡಿಕೊಂಡು ಬಂದ ನನ್ನ ಹತ್ತಿರ ಎಂಥ ನಾಚಿಕೆಯೋ! ಕೊನೆಗೆ ಬಾತ್‌ರೂಮಿನ ಬಾಗಿಲನ್ನು ಎರಡು ಬೆರಳಷ್ಟು ತೆರೆದು, ಹೂ ಕಟ್ಟುವ ದಾರವೊಂದನ್ನು ಹೊರಗೆ ಚಾಚಿದಳು. ಅದರಲ್ಲಿ ಮೂರು ಗಂಟು.

“ಮೊದಲನೇ ಗಂಟು ಏನೇ?”

“ಸುತ್ತಳತೆ.”

“ಎರಡನೇದು?”

“ಅದೂ ಸುತ್ತಳತೆನೇ. ಮೊದಲನೇದು ತಪ್ಪಾಯ್ತು.”

“ಮೂರನೇದು?”

“ಅದು ಸುಮ್ನೆ, ದಾರದ ತುದಿ ಬಿಚ್ಚದೇ ಇರ್ಲಿ ಅಂತ.”

ಓ ಮೈ ಗಾಡ್, ಈ ಹೆಂಗಸು!

ಎರಡನೆಯ ತೊಂದರೆ ನನ್ನದೇ. ಹೊಲಿಗೆ ಕಲಿಸಿದ ಸಿಸ್ಟರ್ ಮರದ ಸ್ಕೇಲ್ ಹಿಡಿದು ಬೆನ್ನ ಹಿಂದೆ ನಿಲ್ಲುತ್ತಿದ್ದರು. ಬಟ್ಟೆಯನ್ನು ಒಂದಿಷ್ಟು ಎಳೆದರೂ ಸಾಕು, ಗೆಣ್ಣಿಗೆ ಏಟು. “ಡೋಂಟ್ ಪುಲ್, ಚೈಲ್ಡ್!” ಆ ಏಟು ನನ್ನ ಬೆರಳುಗಳಿಗೆ ಇಂದಿಗೂ ನೆನಪಿದೆ. ಎಲಾಸ್ಟಿಕ್ಕನ್ನೂ ಎಳೆಯದೆ, ಮಗುವನ್ನು ಮಲಗಿಸುವಂತೆ ಬಟ್ಟೆಯ ಮೇಲೆ ಮಲಗಿಸಿ ಹೊಲಿದೆ. ಕತ್ತು, ಕಂಕುಳು ಎಲ್ಲವೂ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಅಲೆಅಲೆಯಾಗಿ ಎದ್ದವು. ಬಿಚ್ಚಿದೆ. ಹೊಲಿದೆ. ಮಷಿನ್ ತಿಂದಿತು. ಮತ್ತೆ ಬಿಚ್ಚಿದೆ. ಶುಕ್ರವಾರದ ಹೊತ್ತಿಗೆ ಮೂರು ಅಂಗಿ ನೆಲ ಒರೆಸುವ ಬಟ್ಟೆಯಾಗಿದ್ದವು. “ಕಾನ್ವೆಂಟ್ ಮೇಡಂ, ಸೋಮವಾರ ಯಾವ ವರ್ಷದ್ದು?” ಎಂದು ಹಾಲಿನಿಂದ ಪ್ರಶ್ನೆ ಬಂತು.

ಶನಿವಾರ ಸೋಲೊಪ್ಪಿಕೊಂಡು, ಕುರುಬರಹಳ್ಳಿಯಲ್ಲಿ ನನಗೆ ಬ್ಲೌಸ್ ಹೊಲಿದುಕೊಡುವ ಹೆಂಗಸಿನ ಬಳಿ ಹೋದೆ. ಕಲಬುರಗಿ ಕಡೆಯವಳು, ಮೊದಲು ಗಾರ್ಮೆಂಟ್ಸ್‌ನಲ್ಲಿ ಇದ್ದವಳು. ಹಬ್ಬದ ಬ್ಲೌಸುಗಳ ರಾಶಿಯ ನಡುವೆ ಕೂತು, ನನ್ನ ಹಪ್ಪಳವನ್ನು ತಿರುಗಿಸಿ ನೋಡಿ ನಕ್ಕಳು.

“ನನಗ ಟೈಮ್ ಇಲ್ರೀ ಅಮ್ಮಾ. ಆದ್ರ ಹೇಳ್ತೀನಿ ಕೇಳ್ರಿ. ಅರಿವಿ ಜಗ್ಗಬ್ಯಾಡ್ರಿ, ಪಟ್ಟಿ ಜಗ್ಗ್ರಿ. ಕಂಕಳದಾಗ ಒಂಚೂರು ಜಾಸ್ತಿ, ನೆಟ್ಟಗಿದ್ದಲ್ಲಿ ಒಂಚೂರು ಕಮ್ಮಿ. ನಾಕು ವರ್ಷ ಬರೀ ಚಡ್ಡಿಗೆ ಪಟ್ಟಿ ಹಚ್ಚೀನ್ರಿ ನಾ.”

ನಾನು ಎಳೆಯಬೇಕಿದ್ದದ್ದು ಬಟ್ಟೆಯನ್ನಲ್ಲ, ಎಲಾಸ್ಟಿಕ್ಕನ್ನು. ಹೇಳುತ್ತಲೇ ಡಬ್ಬಿಯಿಂದ ಮೊಂಡು ಮೂತಿಯ ಸೂಜಿಯೊಂದನ್ನು ತೆಗೆದುಕೊಟ್ಟಳು. ಬನಿಯನ್ ಬಟ್ಟೆಗೆ ಇದೇ ಬೇಕಂತೆ. ಇಷ್ಟು ದಿನ ಚೂಪು ಸೂಜಿಯಲ್ಲಿ ಚುಚ್ಚಿ, ಅಮಾಯಕ ಮಷಿನ್ನನ್ನು ಇಂಗ್ಲಿಷಿನಲ್ಲಿ ಬೈದಿದ್ದೆ.

ಭಾನುವಾರ ಮಧ್ಯಾಹ್ನ ನಾಲ್ಕನೆಯ ಅಂಗಿ ಮುಗಿಯಿತು. ಪಟ್ಟಿ ಅಲೆಯೇಳದೆ ಬಟ್ಟೆಗೆ ಅಂಟಿದಂತೆ ಕೂತಿತ್ತು. ನಾದಿನಿ ಅದನ್ನು ಹಿಡಿದು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಬಹಳ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದು.

“ಅತ್ತಿಗೆ, ಒಳಗೆ ಬನ್ನಿ. ಎಡಗೈ ಮೇಲಕ್ಕೆ ಏಳ್ತಿಲ್ಲ, ತೂರ್ಸಕ್ಕಾಗ್ತಿಲ್ಲ.”

ಹೋದೆ. ಅವಳು ಗೋಡೆಯ ಟೈಲ್ಸ್ ನೋಡುತ್ತಾ ನಿಂತಿದ್ದಳು. ಎದೆಯ ನಡುವಿನಿಂದ ಕಂಕುಳಿನವರೆಗೆ ಒಂದೇ ಗೆರೆ, ನೇರಳೆ ಬಣ್ಣದ್ದು. ಏನಾದರೂ ಹೇಳಲೇಬೇಕಿತ್ತು. “ಡಾಕ್ಟರ್ ಹೊಲಿಗೆ ನಂದಕ್ಕಿಂತ ನೀಟಾಗಿದೆ ಕಣೇ” ಎಂದೆ.

“ಅವರು ಮೂರು ಸಲ ಬಿಚ್ಚಿ ಹೊಲೀಲಿಲ್ವಲ್ಲ” ಎಂದಳು, ಟೈಲ್ಸಿಗೇ.

ಆ ಕೈಯನ್ನು ನಿಧಾನಕ್ಕೆ ಎತ್ತಿ ತೂರಿಸಿದೆ. ಕಂಕುಳಿನ ಹತ್ತಿರ ಪಟ್ಟಿ ಒತ್ತುತ್ತಿತ್ತು. ಅಲ್ಲೇ ಪಿನ್ ಚುಚ್ಚಿ ಗುರುತು ಮಾಡಿ, ಎರಡು ಅಂಗುಲ ಬಿಚ್ಚಿ, ಸಡಿಲ ಮಾಡಿ ಹೊಲಿದುಕೊಟ್ಟೆ. ಥ್ಯಾಂಕ್ಸ್ ಎನ್ನಲಿಲ್ಲ. ಹತ್ತಿ ಕಡಿಮೆಯಾಯಿತು ಎಂದಳು.

ಸೋಮವಾರ ಆಸ್ಪತ್ರೆಗೆ ಹೋದಳು. ಐದು ವಾರ ಒಂದು ದಿನವೂ ತಪ್ಪಿಸಲಿಲ್ಲ. ಮುಗಿದ ಮೇಲೆ ನಾಗರಬಾವಿಯ ತನ್ನ ಮನೆಗೆ ವಾಪಸಾದಳು. ವರ್ಷ ತುಂಬುವ ಮೊದಲೇ ಕಾಯಿಲೆ ಬೇರೆ ಕಡೆ ಕಾಣಿಸಿಕೊಂಡು, ಅವಳ ಮಗಳು ಮೈಸೂರಿನ ತನ್ನ ಮನೆಗೆ ಕರೆದುಕೊಂಡು ಹೋದಳು. ನಾದಿನಿ ಅಲ್ಲೇ ತೀರಿಕೊಂಡಳು. ಸಾವು ಇಷ್ಟು ಬೇಗ ಬರುತ್ತದೆಂದು ತಿಳಿಯದೆ, ಮುಂದಿನ ವಾರ, ಮುಂದಿನ ವಾರ ಎನ್ನುತ್ತಾ ನಾನು ಹೋಗಲೇ ಇಲ್ಲ. ಈ ಮೂರ್ಖತನಕ್ಕೆ ಯಾರನ್ನು ಬೈಯಲಿ?

ನಾನು ಅವಳನ್ನು ಕೊನೆಯ ಸಲ ಕಂಡದ್ದು ಅವಳು ಮೈಸೂರಿಗೆ ಹೋಗುವ ಮೊದಲು, ವಿಜಯನಗರದಲ್ಲಿ. ನಾನು ರಸ್ತೆಯ ಈಚೆ, ಅವಳು ಆಚೆ, ಆಟೋದವನೊಬ್ಬನ ಜೊತೆ ಜಗಳದಲ್ಲಿ. “ನಾಗರಬಾವಿ ಏನು ಅಮೆರಿಕಾದಲ್ಲಿದ್ಯಾ?” ಎಂಬುದು ಅಷ್ಟು ಟ್ರಾಫಿಕ್ಕಿನಲ್ಲೂ ಕೇಳಿಸಿತು. ಅವನು ಹೊರಟುಹೋದ. ನಾನು ಕೂಗಿದೆ; ಅವಳಿಗೆ ಕೇಳಲಿಲ್ಲ. ಇನ್ನೊಂದು ಆಟೋ ಬರುವುದನ್ನು ನೋಡಿ ಫುಟ್‌ಪಾತಿನಿಂದ ಕೆಳಗಿಳಿದು, ಎಡಗೈಯನ್ನು ತಲೆಗಿಂತ ಮೇಲೆ ಎತ್ತಿದಳು. ಸೆರಗು ಜಾರಿತು. ಅವಳು ಕೈ ಇಳಿಸಲಿಲ್ಲ.