ಫೇಲ್ ಅಂದ್ರೆ ಎಂಥದು?

ತೊಂಬತ್ತರ ದಶಕದಲ್ಲಿ ನಾವು ಪಾಣೆಮಂಗಳೂರಿನಲ್ಲಿದ್ದೆವು. ನನ್ನ ನಾಲ್ಕು ತಿಂಗಳ ಮಗಳು ಎರಡು ಗುಟುಕು ಹಾಲು ಕುಡಿಯುವಷ್ಟರಲ್ಲಿ ಬೆವರಿ, ಏದುಸಿರು ಬಿಡುತ್ತಿದ್ದಳು. ಸೆಕೆಗಿರಬೇಕೆಂದು ಅತ್ತೆ ಬೀಸಣಿಗೆ ಹಿಡಿದು ಕೂರುತ್ತಿದ್ದರು. ಮಂಗಳೂರಿನ ಡಾಕ್ಟರು ಪರೀಕ್ಷಿಸಿ, ಹೃದಯದಲ್ಲಿ ತೂತಿದೆ, ಹಾರ್ಟ್ ಫೇಲ್ಯೂರ್ ಆಗಿದೆ ಎಂದರು. ಮುಂದೆ ಅವರು ಹೇಳಿದ್ದೇನೂ ನನ್ನ ತಲೆಗೆ ಹೋಗಲಿಲ್ಲ.

ಬಸ್ಸಿಳಿದವಳೇ ಬೂತಿನಿಂದ ದುಬೈಯಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ. "ಮಗುವಿನ ಹಾರ್ಟ್ ಫೇಲ್ ಆಗಿದೆಯಂತೆ" ಎಂದದ್ದೇ ತಡ, ಅವರು ಬಿಕ್ಕಿ ಅಳತೊಡಗಿದರು. ಮಗು ತೀರಿಹೋಯಿತೆಂದೇ ತಿಳಿದಿದ್ದರು.

"ಅಯ್ಯೋ ಇಲ್ಲ! ಇಲ್ಲೇ ನನ್ನ ಕೈಯಲ್ಲಿ ಉಂಟು. ನಗ್ತಾ ಉಂಟು."

"ಹಾಗಾದ್ರೆ ಫೇಲ್ ಅಂದ್ರೆ ಎಂಥದು?"

ನನಗೂ ಗೊತ್ತಿರಲಿಲ್ಲ. ಮರುದಿನ ಪುನಃ ಹೋಗಿ ಡಾಕ್ಟರಲ್ಲಿ ಅದನ್ನೇ ಕೇಳಿದೆ.

"ನಿಂತಿಲ್ಲಮ್ಮ, ಕೆಲಸ ಮಾಡ್ತಾ ಉಂಟು. ಆದ್ರೆ ಮೈಗೆ ಬೇಕಾದಷ್ಟು ರಕ್ತ ಕಳಿಸ್ಲಿಕ್ಕೆ ಆಗುವುದಿಲ್ಲ. ಈಗ ಮದ್ದು ಕೊಡುವ, ತೂಕ ಬಂದ ಮೇಲೆ ಆಪರೇಷನ್ ಮಾಡುವ. ಪ್ರಪಂಚದಲ್ಲೆಲ್ಲ ಇಂಥ ಮಕ್ಕಳಿದ್ದಾರೆ."

ಇದನ್ನು ಕೇಳಿ ಧೈರ್ಯ ತಂದುಕೊಳ್ಳಬೇಕೋ, ಇನ್ನಷ್ಟು ಹೆದರಬೇಕೋ ತಿಳಿಯದೆ ಮದ್ದಿನ ಚೀಟಿ ತೆಗೆದುಕೊಂಡು ಹೊರಟೆ.

ಕೆಲವು ತಿಂಗಳ ಮೇಲೆ ಆಪರೇಷನ್ ಆಯಿತು. ಗಂಡ ರಜೆ ಹಾಕಿ ಬಂದರು. ಮನೆಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಮಗಳು ಹಸಿವೆಯಿಂದ ಕಿರುಚಿ ಅತ್ತಳು. ಏನಾಯಿತೆಂದು ಅತ್ತೆ ಗಾಬರಿಯಿಂದ ಓಡಿ ಬಂದರು. ಅವಳಿಗೆ ಅಷ್ಟು ದೊಡ್ಡ ದನಿ ಉಂಟೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.