ಪ್ರೇಮಲೀಲಾ ಅವರ ಎಡಗೈ

ಕೆಸರೆಯ ನಮ್ಮ ಬೀದಿಯ ಪ್ರೇಮಲೀಲಾ ಮೂವತ್ತು ವರ್ಷ ಊದುಬತ್ತಿ ಹೊಸೆದವರು. ಎಡಗೈ ಕಡ್ಡಿ ಹಿಡಿಯಬೇಕು, ಬಲಗೈ ಹಿಟ್ಟು ಹೊಸೆಯಬೇಕು. ಸಣ್ಣದೊಂದು ಪಾರ್ಶ್ವವಾಯು ಬಂದು ಹೋದ ಮೇಲೆ ಎಡಗೈಯ ಕಡ್ಡಿ ಜಾರತೊಡಗಿತು. ಸೋಮಾರಿತನವೆಂದು ಊದುಬತ್ತಿ ಶೆಡ್ಡಿನಲ್ಲಿ ಗಲಾಟೆಯಾಯಿತು. "ಪೇಪರ್ನೋರು ನೀವೇ ನೋಡಿ ಹೇಳ್ಬುಡಿ" ಎಂದು ಅಲ್ಲಿನ ಹೆಂಗಸರು ಪತ್ರಿಕೆಗೆ ಬರೆಯುವ ನನ್ನನ್ನು ಕರೆದರು.

ಪ್ರೇಮಲೀಲಾ ಅವರ ಕಣ್ಣು ಮುಚ್ಚಿಸಿ ಎಡಗೈ ಮುಟ್ಟಿದೆ. "ಎಡಗೈ" ಎಂದರು. ಬಲಗೈ ಮುಟ್ಟಿದೆ, ಅದನ್ನೂ ಸರಿಯಾಗಿ ಹೇಳಿದರು. "ಎಲ್ಲಾ ಗೊತ್ತಾಗುತ್ತಲ್ಲ ಕಣಮ್ಮ, ಯಾಕೀ ನಾಟಕ?" ಎಂದುಬಿಟ್ಟೆ. ಅಂದೇ ಅವರ ಕೆಲಸ ಹೋಯಿತು.

ಮೊನ್ನೆ ಅವರ ಮಗಳು ಅಕ್ಷತಾ ಹೇಳಿದಳು: ಡಾಕ್ಟರು ಎರಡೂ ಕೈ ಒಟ್ಟಿಗೆ ಮುಟ್ಟಿದಾಗ ಅಮ್ಮ "ಬಲಗೈ" ಎಂದಷ್ಟೇ ಅಂದರಂತೆ. ಎರಡೂ ಕಡೆಯ ಸ್ಪರ್ಶ ಒಮ್ಮೆಲೇ ಬಂದರೆ ಪೆಟ್ಟಾದ ಮಿದುಳು ಅವನ್ನು ಕೂಡಿಸಲಾರದೆ ಎಡಗಡೆಯದನ್ನು ಕಳೆದುಬಿಡುತ್ತದಂತೆ. ಒಟ್ಟಿಗೆ ಮುಟ್ಟಿ ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಅವರ ಮನೆಗೆ ಓಡಿಹೋಗಿ, ಪತ್ರಿಕೆಯಲ್ಲಿ ಕ್ಷಮೆ ಕೇಳಿ ಬರೆಯುತ್ತೇನೆ ಎಂದೆ.

"ಶೆಡ್ನೋರ್ಯಾರೂ ಪೇಪರ್ ಓದಲ್ಲ ಕಣ್ರೀ. ನಾಟಕ ಅಂತ ಎಲ್ಲಿ ಅಂದ್ರೋ ಅಲ್ಲೇ ಹೋಗಿ ಹೇಳಿ" ಎಂದರು ಪ್ರೇಮಲೀಲಾ.

ಹೋದೆ. ಅಂದು ಅಷ್ಟು ಸಲೀಸಾಗಿ ಆಡಿದ ನಾಲಿಗೆ, ಅದೇ ಹೆಂಗಸರ ಮುಂದೆ "ತಪ್ಪು ನನ್ನದು" ಎನ್ನಲು ಏಳಲೇ ಇಲ್ಲ. ಕಡೆಗೂ ಹೇಳಿದೆ. ಪ್ರೇಮಲೀಲಾ ಅವರ ಜಾಗದಲ್ಲಿ ಆಗಲೇ ಬೇರೆಯವರು ಕೂತಿದ್ದರು.