ಒಂದನೆಯ ಹಾಡಿಗೆ ಮೊದಲು

ಭಾನುವಾರ ಬೆಳಿಗ್ಗೆ ಗಡಿಯಾಚೆಯ ಕೇರಳದ ರೇಡಿಯೋದಲ್ಲಿ ವಾರದ ಹತ್ತು ಜನಪ್ರಿಯ ಹಾಡುಗಳ ಕಾರ್ಯಕ್ರಮ ಶುರುವಾದರೆ ಮಂಡೆಕೋಲಿನ ಹೋಟೆಲು ಪದ್ಮಯ್ಯನಿಗೆ ಗಿರಾಕಿಗಳು ಕಣ್ಣಿಗೇ ಬೀಳುವುದಿಲ್ಲ. ಚಾ ಕೇಳಿದರೆ, "ಸುಮ್ಮನಿರಿ ಮಾರಾಯ್ರೆ, ಏಳನೆಯದ್ದು ಬರ್ಲಿಕ್ಕುಂಟು" ಎನ್ನುತ್ತಾನೆ. ಮೆಚ್ಚಿದ ಮಲಯಾಳಂ ಹಾಡು ಕೆಳಗಿಳಿದ ದಿನ ಚಾದ ಸಕ್ಕರೆಯೂ ಇಳಿಯುತ್ತದೆ. ತುಳು ಹಾಡು ಮೇಲೇರಿದರೆ ಬನ್ಸು ದಪ್ಪವಾಗುತ್ತದೆ. ಆದರೆ ಕೊನೆಗೆ ಬರುವ ಒಂದನೆಯ ಹಾಡು ಯಾವುದೆಂದು ಅವನಿಗೆ ಗೊತ್ತಿರುವುದೇ ಇಲ್ಲ. ಅದಕ್ಕೆ ಮೊದಲು ಹಾಡುಗಳಿಗೆ ವೋಟು ಹಾಕಿದವರ ಹೆಸರು ಓದುತ್ತಾರೆ. "ಅಡೂರಿನಿಂದ ಯಶೋದಾ" ಎಂದದ್ದೇ ತಡ, ರೇಡಿಯೋ ಆಫ್ ಮಾಡಿ ಚಾ ಹೊಯ್ಯಲು ನಿಲ್ಲುತ್ತಾನೆ. ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಇವನ ಮನೆಗೆ ಬಂದು ಕರೆಯದೆ ವಾಟ್ಸಾಪ್‌ನಲ್ಲಿ ಆಮಂತ್ರಣದ ಕಾಗದ ಕಳಿಸಿದಳೆಂದು ಅವನು ಮಾತುಬಿಟ್ಟ ತಂಗಿ ಅವಳು. ಕಳೆದ ಭಾನುವಾರ ಆ ಹೆಸರು ಬರಲಿಲ್ಲ. ಒಂದನೆಯ ಹಾಡು ಮುಗಿಯಿತು, ವಾರ್ತೆಯೂ ಮುಗಿಯಿತು. ಪದ್ಮಯ್ಯ ರೇಡಿಯೋದ ಮುಂದೆಯೇ ನಿಂತಿದ್ದ.